ದಿಲ್ಲಿಯಲ್ಲಿ ದಾಕ್ಷಿಣ್ಯ

ಆಫೀಸಿನವರು ಎರಡು ದಿನಕ್ಕೆ ದಿಲ್ಲಿಗೆ ಕಳಿಸುತ್ತಿದ್ದಾರೆ ಎಂದು ಮನೆಯಲ್ಲಿ ಬಾಯಿಬಿಟ್ಟು ನೋಡಿ. ಬಂಧುಬಳಗದಲ್ಲಿ ರಾತ್ರೋರಾತ್ರಿ ಭದ್ರತಾ ಸಲಹೆಗಾರರು ಹುಟ್ಟಿಕೊಳ್ಳುತ್ತಾರೆ. ದೊಡ್ಡಮ್ಮ "ಉಂಗುರ ಬಿಚ್ಚಿಟ್ಟು ಹೋಗೋ" ಅನ್ನುತ್ತಾರೆ. ಭಾವ ದುಡ್ಡನ್ನು ನಾಲ್ಕು ಕಡೆ ಹಂಚಿಕೋ, ಒಂದು ಪಾಲು ಕಾಲುಚೀಲದೊಳಗಿರಲಿ ಎಂದು ಹೇಳಿಕೊಡುತ್ತಾರೆ. ಹಾಗೆ ಹಂಚಿಕೊಂಡವನು ಟಿಕೆಟ್ ಕೌಂಟರ್ ಮುಂದೆ ಒಂಟಿಕಾಲಿನಲ್ಲಿ ನಿಂತು ಶೂ ಬಿಚ್ಚುವುದನ್ನು ಊಹಿಸಿಕೊಳ್ಳಿ. ಕಳ್ಳನಿಗೆ ಖಜಾನೆಯ ದಾರಿ ಇನ್ನು ಯಾರು ತೋರಿಸಬೇಕು? ಪಕ್ಕದ ಮನೆಯವರು ತುಮಕೂರು ದಾಟಿದವರಲ್ಲ, ಅವರ ಸಲಹೆಯೇ ಎಲ್ಲಕ್ಕಿಂತ ಉದ್ದ.

ಪಿಕ್‌ಪಾಕೆಟ್ ಮಾಡುವವರು ಇಲ್ಲವೆಂದಲ್ಲ. ಸಂಜೆ ರಾಜೀವ್ ಚೌಕದಲ್ಲಿ ಮೆಟ್ರೋ ಬದಲಾಯಿಸುವಾಗ ನಾವು ನಡೆಯುವುದಿಲ್ಲ, ಜನ ನಮ್ಮನ್ನು ನಡೆಸುತ್ತಾರೆ. ಬೆನ್ನಿನ ಬ್ಯಾಗನ್ನು ಎದೆಗೆ ತಂದುಕೊಂಡರೆ ಆ ಅಧ್ಯಾಯ ಮುಗಿಯಿತು. ಆದರೆ ನಾವು ಊರಿಂದಲೇ ಹೊತ್ತು ತರುವ ಇನ್ನೊಂದು ಸಾಮಾನಿದೆ. ಅದರ ಬಗ್ಗೆ ಯಾವ ಭಾವನೂ ಎಚ್ಚರಿಸುವುದಿಲ್ಲ. ಅದು ದಾಕ್ಷಿಣ್ಯ.

ನ್ಯೂ ದೆಹಲಿ ರೈಲ್ವೆ ನಿಲ್ದಾಣದಿಂದ ಪಹಾಡ್‌ಗಂಜ್ ಕಡೆಗೆ ಹೊರಬನ್ನಿ. ಒಬ್ಬ ಸಭ್ಯಸ್ಥ ಪಕ್ಕದಲ್ಲೇ ಹೆಜ್ಜೆ ಹಾಕುತ್ತಾನೆ. ಯಾವ ಊರು, ಎಷ್ಟು ಮಕ್ಕಳು, ಊಟವಾಯಿತೇ ಎಂದು ಕೇಳುತ್ತಾನೆ. ಆಮೇಲೆ ಬಹಳ ದುಃಖದಿಂದ, ನೀವು ಬುಕ್ ಮಾಡಿದ ಹೋಟೆಲ್ ಮುಚ್ಚಿಹೋಗಿದೆ, ಆ ರಸ್ತೆಯೇ ಬಂದ್ ಆಗಿದೆ ಎನ್ನುತ್ತಾನೆ. ದಿಲ್ಲಿಯವನಾಗಿದ್ದರೆ ತಲೆಯನ್ನೂ ಎತ್ತದೆ ಮುಂದೆ ಹೋಗುತ್ತಿದ್ದ. ನಮ್ಮವರು ನಿಲ್ಲುತ್ತಾರೆ. ಅಷ್ಟು ವಿಶ್ವಾಸದಿಂದ ಮಾತಾಡಿಸಿದವನಿಗೆ ಉತ್ತರ ಕೊಡದೆ ಹೋಗುವುದು ಹೇಗೆ? ಕೊನೆಗೆ ಅವನು ತೋರಿಸಿದ ಹೋಟೆಲಿನಲ್ಲಿ, ಅವನ ಕಮಿಷನ್ ಸೇರಿದ ಬಾಡಿಗೆ ಕೊಟ್ಟು ಮಲಗುತ್ತಾರೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲಿಕ್ಕೆ ಜಾಗವಿಲ್ಲ ಎಂದ ನಮ್ಮ ಹಿರಿಯರು ಪಹಾಡ್‌ಗಂಜ್ ನೋಡಿರಲಿಲ್ಲ, ಆದರೂ ಹೇಳಿದ್ದರು.

ಕನಾಟ್ ಪ್ಲೇಸಿನಲ್ಲಿ ಹಳೆಯದೊಂದು ಆಟವಿದೆ. ಕಂಬಗಳ ಸಾಲನ್ನು ನೋಡುತ್ತಾ ನೀವು ನಡೆಯುತ್ತಿದ್ದಾಗ ಒಬ್ಬ ಬಂದು ನಿಮ್ಮ ಶೂ ತೋರಿಸುತ್ತಾನೆ. ನೋಡಿದರೆ ಸಗಣಿ! ಅವನ ಕೈಯಲ್ಲಿ ಆಗಲೇ ಬ್ರಷ್, ಪಾಲಿಶ್ ಎಲ್ಲವೂ ತಯಾರು. ಸಾವಿರಾರು ಜನ ಓಡಾಡುವ ಜಾಗದಲ್ಲಿ ಒಂದೂ ಹಸುವಿಲ್ಲ, ಸಗಣಿ ಮಾತ್ರ ನಿಮ್ಮ ಶೂ ಮೇಲೇ ಏಕೆ ಬಿತ್ತು ಎಂದು ಲೆಕ್ಕ ಹಾಕುವಷ್ಟರಲ್ಲಿ ಒಂದು ಶೂ ಹೊಳೆಯುತ್ತಿರುತ್ತದೆ. ಬೇಡ ಎನ್ನೋಣವೆಂದರೆ ಇನ್ನೊಂದು ಶೂ ಬೇರೆ ಬಣ್ಣ.

ಇವರೆಲ್ಲರಲ್ಲೂ ಒಂದು ಸಾಮ್ಯವಿದೆ. ತಾವಾಗಿಯೇ ಬರುತ್ತಾರೆ. ನಾವಾಗಿ ಹೋಗಿ ಕೇಳಿದರೆ ದಿಲ್ಲಿಯವರು ತಕರಾರಿಲ್ಲದೆ ದಾರಿ ಹೇಳುತ್ತಾರೆ, ಸ್ವಲ್ಪ ಗದರಿದಂತೆ ಹೇಳುತ್ತಾರೆ ಅಷ್ಟೆ. ಔಷಧಿ ಅಂಗಡಿಯವನನ್ನು ಕೇಳಿ, ಮೆಟ್ರೋ ಬಾಗಿಲಲ್ಲಿ ತಪಾಸಣೆ ಮಾಡುವ ಸಿಐಎಸ್‌ಎಫ್ ಪೇದೆಯನ್ನು ಕೇಳಿ. ಇಬ್ಬರೂ ಜಾಗ ಬಿಟ್ಟು ನಿಮ್ಮ ಹಿಂದೆ ಬರಲಾರರು. ರೈಲ್ವೆ ನಿಲ್ದಾಣದ ಹೊರಗೆ ಪೊಲೀಸರ ಪ್ರಿಪೇಯ್ಡ್ ಆಟೋ ಬೂತ್ ಇದೆ. ದುಡ್ಡು ಅಲ್ಲೇ ಕಟ್ಟಿ, ಚೀಟಿಯನ್ನು ಮಾತ್ರ ಇಳಿಯುವ ತನಕ ಕೈಬಿಡಬೇಡಿ. ಡ್ರೈವರ್‌ಗೆ ದುಡ್ಡು ಸಿಗುವುದು ಆ ಚೀಟಿಯಿಂದ, ಅದಕ್ಕೇ ಹತ್ತಿದ ಕೂಡಲೇ ಕೇಳುತ್ತಾನೆ. ಇನ್ನು ರಸ್ತೆಯ ಆಟೋದವನು ಮೀಟರ್ ಕೆಟ್ಟಿದೆ ಎಂದರೆ ಗಾಬರಿ ಬೇಡ, ಬೆಂಗಳೂರಿನಲ್ಲಿ ನಮಗೆ ಆ ತರಬೇತಿ ಚೆನ್ನಾಗಿಯೇ ಆಗಿದೆ.

ಮೀಟಿಂಗುಗಳ ಸಂದಿಯಲ್ಲಿ ಊರು ನೋಡುವವರಿಗೆ ಮೆಟ್ರೋದ ಹಳದಿ ಮಾರ್ಗ ಒಂದೇ ಸಾಕು. ಚಾಂದನಿ ಚೌಕ್, ಕನಾಟ್ ಪ್ಲೇಸು, ಲೋಧಿ ಉದ್ಯಾನಕ್ಕೆ ಜೋರ್ ಬಾಗ್, ದಿಲ್ಲಿ ಹಾಟ್‌ಗೆ ಐಎನ್‌ಎ, ಕೊನೆಗೆ ಕುತುಬ್ ಮಿನಾರ್, ಎಲ್ಲವೂ ಒಂದೇ ದಾರದಲ್ಲಿ. ರೈಲು ಹೋಗುವ ದಿಕ್ಕಿನ ಮೊದಲ ಬೋಗಿ ಹೆಂಗಸರದು. ಅಲ್ಲಿ ಜಾಗ ಖಾಲಿಯಿದೆಯೆಂದು ನುಗ್ಗುವ ಗಂಡಸರಿಗೆ ಹಿಂದಿಯ ಅತ್ಯುತ್ತಮ ಬೈಗುಳಗಳ ಪರಿಚಯ ಉಚಿತವಾಗಿ ಆಗುತ್ತದೆ. ನನ್ನನ್ನು ಕೇಳಿದರೆ ಸಂಜೆಗಿಂತ ಬೆಳಿಗ್ಗೆಯೇ ಲೇಸು. ಲೋಧಿ ಉದ್ಯಾನದಲ್ಲಿ ಸುಲ್ತಾನರ ಗೋರಿಗಳ ಸುತ್ತ ನಿವೃತ್ತ ಅಧಿಕಾರಿಗಳು ಕೈಬೀಸಿ ನಡೆಯುತ್ತಿರುತ್ತಾರೆ, ಟಿಕೆಟ್ ಇಲ್ಲ, ಒಂಬತ್ತೂವರೆಗೆ ಮೀಟಿಂಗಿಗೂ ಹಾಜರಾಗಬಹುದು. ಚಾಂದನಿ ಚೌಕದ ಪರಾಠೆವಾಲಿ ಗಲ್ಲಿಯನ್ನು ಕೊನೆಯ ದಿನಕ್ಕಿಟ್ಟುಕೊಳ್ಳಿ. ತುಪ್ಪದಲ್ಲಿ ಕರಿದ ಪರಾಠೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಪವರ್‌ಪಾಯಿಂಟ್ ತೋರಿಸುವುದು ಧೈರ್ಯವಂತರ ಕೆಲಸ.

ವಾರದ ಲೆಕ್ಕ ಬೇರೆ ಇದೆ. ಕೆಂಪು ಕೋಟೆಗೆ ಸೋಮವಾರ ರಜೆ. "ಇವತ್ತು ಕೋಟೆ ಮುಚ್ಚಿದೆ, ಬನ್ನಿ, ಬೇರೆ ಜಾಗ ತೋರಿಸುತ್ತೇನೆ" ಎನ್ನುವವನು ವಾರಕ್ಕೊಂದು ದಿನ ಹರಿಶ್ಚಂದ್ರ, ಉಳಿದ ಆರು ದಿನ ಉದ್ಯೋಗಸ್ಥ. ತಾಜ್‌ಮಹಲಿಗೆ ಶುಕ್ರವಾರ ರಜೆ. ಗುರುವಾರ ಸಂಜೆ ಕೆಲಸ ಮುಗಿಸಿ, ನಾಳೆ ಒಂದು ಓಟ ಆಗ್ರಾಕ್ಕೆ ಎಂದು ಹೆಂಡತಿಗೆ ಫೋನ್ ಮಾಡುವವರು ಇದನ್ನು ಗೇಟಿನಲ್ಲೇ ಓದುತ್ತಾರೆ.

ಕುತುಬ್ ಮಿನಾರ್ ಸುಮಾರು 73 ಮೀಟರ್ ಎತ್ತರ. 1981ರಲ್ಲಿ ಒಳಗಿನ ಮೆಟ್ಟಿಲುಗಳಲ್ಲಿ ಕಾಲ್ತುಳಿತವಾಗಿ ಹಲವರು ಸತ್ತ ಮೇಲೆ ಹತ್ತುವುದನ್ನು ನಿಲ್ಲಿಸಿದ್ದಾರೆ. ಸ್ವಲ್ಪ ಕೈಬಿಸಿ ಮಾಡಿದರೆ ಹತ್ತಿಸುತ್ತೇನೆ ಎನ್ನುವವನು ಸಿಕ್ಕರೆ ಅವನ ವಿಶ್ವಾಸಕ್ಕೂ ಕರಗಬೇಡಿ. ಅಲ್ಲೇ ಅಂಗಳದಲ್ಲಿ ಸಾವಿರದ ಆರುನೂರು ವರ್ಷದಷ್ಟು ಹಳೆಯ ಕಬ್ಬಿಣದ ಕಂಬ. ಬೆನ್ನು ಕೊಟ್ಟು ನಿಂತು ಹಿಂದಿನಿಂದ ತಬ್ಬಿ, ಎರಡೂ ಕೈ ಕೂಡಿದರೆ ಇಷ್ಟಾರ್ಥ ಸಿದ್ಧಿಯೆಂದು ಜನ ತಬ್ಬಿ ತಬ್ಬಿ ಕಂಬವನ್ನೇ ಸವೆಸಿದರು. 1997ರಲ್ಲಿ ಸುತ್ತ ಬೇಲಿ ಬಂತು. ನಮ್ಮ ಸುರಕ್ಷತೆಯ ಮಾತು ಹಾಗಿರಲಿ, ನಮ್ಮಿಂದಲೂ ದಿಲ್ಲಿಗೆ ಸುರಕ್ಷತೆ ಬೇಕಾಗಿತ್ತು.

ಇನ್ನುಳಿದದ್ದು ಕೋತಿಗಳು. ರೈಸಿನಾ ಗುಡ್ಡದ ಸರ್ಕಾರಿ ಕಟ್ಟಡಗಳ ಸುತ್ತ ಅವುಗಳದೇ ಆಡಳಿತ. ಮೊದಲು ಅವನ್ನು ಹೆದರಿಸಲು ಮುಸುವಗಳನ್ನು ಸಾಕಿದ್ದರು. ವನ್ಯಜೀವಿ ಕಾಯ್ದೆ ಅಡ್ಡ ಬಂದ ಮೇಲೆ ಮುಸುವದಂತೆ ಕೂಗಬಲ್ಲ ಮನುಷ್ಯರನ್ನೇ ನೇಮಿಸಿಕೊಂಡರು. 2014ರಲ್ಲಿ ಸಂಸತ್ತಿಗೆ ಈ ಸಂಗತಿ ತಿಳಿಸಿದ ಸಚಿವ ವೆಂಕಯ್ಯ ನಾಯ್ಡು ಆಗ ಕರ್ನಾಟಕದಿಂದಲೇ ರಾಜ್ಯಸಭೆಗೆ ಆರಿಸಿ ಹೋಗಿದ್ದವರು. ಆ ಗುಡ್ಡದ ಬಳಿ ನಿಂತು ಬಾಳೆಹಣ್ಣಿನ ಸಿಪ್ಪೆ ಸುಲಿಯಬೇಡಿ. ಕೋತಿಯೂ ತಾನಾಗಿಯೇ ಬರುತ್ತದೆ. ಆದರೆ ಯಾವ ಊರು, ಎಷ್ಟು ಮಕ್ಕಳು ಎಂದು ಕೇಳುವುದಿಲ್ಲ. ದಿಲ್ಲಿಯಲ್ಲಿ ತಾನಾಗಿ ಬಂದವರ ಪೈಕಿ ಬಂದ ಉದ್ದೇಶವನ್ನು ಮೊದಲೇ ಸ್ಪಷ್ಟಪಡಿಸುವವನು ಅವನೊಬ್ಬನೇ.