26ನೇ ಕಿಲೋ

(ಗಂಗಾವತಿಯ ಒಂದು ಅಕ್ಕಿ ಗಿರಣಿ. ಗಾದಿಯ ಮೇಲೆ ಸಾಹುಕಾರ ಬಸಪ್ಪ, ಪಕ್ಕದಲ್ಲಿ ಕಿರ್ದಿ ಪುಸ್ತಕದ ಜೊತೆ ಗುಮಾಸ್ತ ಶಂಕ್ರಪ್ಪ. ಬೆಂಗಳೂರಿನಲ್ಲಿ ಎಂಬಿಎ ಮುಗಿಸಿ ಬಂದ ಮಗ ವಿನಯ ಲ್ಯಾಪ್‌ಟಾಪ್ ಬಿಚ್ಚಿಕೊಂಡು ನಿಂತಿದ್ದಾನೆ. ಅವನ ಮುಖ ನೋಡಿದರೆ ಹಂಗಾಮು ಕೆಟ್ಟಂತಿದೆ.)

ಸಾಹುಕಾರ: ಐದು ಚುಕ್ಕಿಯೊಳಗ ಒಂದ ಒಂದಾ?

ವಿನಯ: ಹೌದ್ರಿ ಅಪ್ಪಾಜಿ. ಆನ್‌ಲೈನ್ ಅಂಗಡಿ ತೆರದು ಮೊದಲನೇ ಗಿರಾಕಿ, ಮೊದಲನೇ ರಿವ್ಯೂ. ‘ಅನ್ನ ಮುದ್ದಿ ಆಗೈತಿ’ ಅಂತ ಬರದಾರ. ಫೋಟೋನೂ ಹಾಕ್ಯಾರ.

ಸಾಹುಕಾರ: (ಚಷ್ಮಾ ಏರಿಸಿ) ಖರೇನ ಬಿಡು. ಇದರಾಗ ಎಲೆಕ್ಷನ್ ಪೋಸ್ಟರ್ ಹಚ್ಚಬಹುದು. ಶಂಕ್ರಪ್ಪ, ಯಾವ ಲಾಟಿಂದು ಕಳಿಸಿದ್ರಿ?

ಗುಮಾಸ್ತ: ನಾ ಎಲ್ಲಿ ಕಳಿಸ್ಲಿ ಸಾಹುಕಾರ್ರ. ಸಣ್ಣ ಸಾಹುಕಾರ್ರ ಕಂಪ್ಯೂಟರ್ ಕಳಿಸ್ತು. ಅದಕ್ಕ ಮೊನ್ನಿನ ನೆಲ್ಲೂ ಒಂದ, ಹ್ವಾದ ವರ್ಷದ್ದೂ ಒಂದ. ಎರಡಕ್ಕೂ ‘ಸೋನಾ ಮಸೂರಿ, ಸ್ಟಾಕ್ ಐತಿ’ ಅಂತೈತಿ. ಹೊಸ ಅಕ್ಕಿಗೆ ಹಳೇ ಅಕ್ಕಿಯಷ್ಟ ನೀರಿಟ್ರ ಮುದ್ದಿ ಆಗದ ಏನು ಮಲ್ಲಿಗಿ ಹೂವಾಗ್ತೈತೇನು?

ವಿನಯ: ಅದಕ್ಕ ಕಾಕಾ, ನಾ ಹೇಳೂದು. ನಮಗ ಐಟಿ ಸ್ಟ್ರಾಟಜಿನ ಇಲ್ಲ. ಹದಿನೆಂಟು ಸ್ಲೈಡ್ ಮಾಡೀನಿ, ಒಮ್ಮೆ ನೋಡ್ರಿ.

ಸಾಹುಕಾರ: ನಮಗ ಇಲ್ಲ ಅಂತ ಯಾರು ಹೇಳಿದ್ರು? ಸರ್ಕಾರದ ಕಡೆ ಇತ್ತು, ನಮಗ ಅಷ್ಟ ಸಾಕಾಗಿತ್ತು. 2014ರಾಗ ರೆಮ್ಸ್ ಅಂತ ಕಂಪನಿ ಮಾಡಿ ಎಪಿಎಂಸಿಗಳಿಗೆ ಆನ್‌ಲೈನ್ ಟೆಂಡರ್ ತಂದ್ರು. ಅಲ್ಲೀಮಟ ನಾ ನೆಲ್ಲು ಹಲ್ಲಾಗ ಕಡದು ಚೀಟಿ ಬರೀತಿದ್ದೆ. ಆಮ್ಯಾಲ ನೆಲ್ಲು ಹಲ್ಲಾಗ ಕಡದು ಗುಂಡಿ ಒತ್ತಾಕ ಹತ್ತಿದೆ.

ವಿನಯ: ಅದಕ್ಕ ಡಿಜಿಟಲ್ ಟ್ರಾನ್ಸ್‌ಫರ್ಮೇಶನ್ ಅಂತಾರ್ರಿ.

ಸಾಹುಕಾರ: ನಾವು ದಂಡ ತಪ್ಪಿಸ್ಕೊಳ್ಳೂದು ಅಂತೀವಿ. ಮುಂದ 2017ರ ಜುಲೈಗೆ ಜಿಎಸ್‌ಟಿ ಬಂತು. ರಜಿಸ್ಟರ್ ಆದ ಬ್ರ್ಯಾಂಡಿನ ಅಕ್ಕಿಗೆ 5 ಪರ್ಸೆಂಟು, ಬರೇ ಅಕ್ಕಿಗೆ ಸೊನ್ನಿ. ನಿಮ್ಮಜ್ಜ ಇಟ್ಟ ಬ್ರ್ಯಾಂಡ್ ಚೀಲದ ಮ್ಯಾಲ ಹೆಂಗಿತ್ತು ನೆನಪೈತೇನು?

ವಿನಯ: ಎರಡು ಆನಿ, ನಡುವ ಲಕ್ಷ್ಮಿ.

ಸಾಹುಕಾರ: ಅವತ್ತ ಆನೀನೂ ಇಳಿಸಿದ್ವಿ, ಲಕ್ಷ್ಮೀನೂ ಇಳಿಸಿದ್ವಿ. ಬೆಂಗಳೂರಿಗೆ ಬೋಳು ಚೀಲ ಹೊಂಟ್ವು.

ವಿನಯ: ನೋಡ್ರಿ, ಅಲ್ಲೇ ತಪ್ಪಿದ್ದು! ಆನ್‌ಲೈನ್‌ನ್ಯಾಗ ಬ್ರ್ಯಾಂಡ ಎಲ್ಲಾ. ಇರ್ಲಿ. ಈಗರ ಇ-ಇನ್ವಾಯ್ಸ್ ಸರಿ ಮಾಡೂಣು. ಮೊದಲು 500 ಕೋಟಿ ವಹಿವಾಟಿನವ್ರಿಗೆ ಇತ್ತು, 2022ರ ಅಕ್ಟೋಬರಿಗೆ 10 ಕೋಟಿಗೆ ಇಳಿಸಿದ್ರು, 2023ರ ಆಗಸ್ಟಿಗೆ 5 ಕೋಟಿಗೆ. ನಾವೂ ಬೆಳದ್ವಿ, ಅದೂ ಇಳೀತು, ನಡುವ ಭೆಟ್ಟಿ ಆದ್ವಿ. ಒಂದೊಂದು ಬಿಲ್ಲಿಗೂ 64 ಅಕ್ಷರದ ನಂಬರ್ ಬರ್ತೈತಿ. ಸಾಫ್ಟ್‌ವೇರಿಗೆ ಅಡ್ವಾನ್ಸ್ ಕೊಟ್ಟೀನಿ.

ಗುಮಾಸ್ತ: ಯಾವ ಮಾಲಿನ ಬಿಲ್ಲಿಗ್ರಿ ಸಣ್ಣ ಸಾಹುಕಾರ್ರ?

ವಿನಯ: 25 ಕಿಲೋ ಚೀಲಕ್ಕ.

ಗುಮಾಸ್ತ: ಆ ಚೀಲ ಹೊಲಿಯೂದು ಬಿಟ್ಟು ಬಾಳ ದಿನಾತ್ರಿ. 2022ರ ಜುಲೈ 18ಕ್ಕ ಹೊಸ ಹುಕುಂ ಬಂತು: ಬ್ರ್ಯಾಂಡ್ ಇರಲಿ ಬಿಡಲಿ, ಲೇಬಲ್ ಹಚ್ಚಿದ 25 ಕಿಲೋ ಮಟದ ಪ್ಯಾಕಿಗೆ 5 ಪರ್ಸೆಂಟು. ಅದರ ಮ್ಯಾಲಿನ ತೂಕಕ್ಕ ಇಲ್ಲ. ಮರುದಿನ ಹಮಾಲರನ್ನ ಕರದು ‘ಕಾಂಟಾದ ಮ್ಯಾಲ ಇನ್ನೊಂದು ಕಿಲೋ ಸುರೀರಿ’ ಅಂದೆ. ಚೀಲ 26 ಕಿಲೋ ಆತು. ಟ್ಯಾಕ್ಸ್ ಇಲ್ಲದ ಅಕ್ಕಿಗೆ ಇ-ಇನ್ವಾಯ್ಸೂ ಬ್ಯಾಡ, ಇ-ವೇ ಬಿಲ್ಲೂ ಬ್ಯಾಡ.

ವಿನಯ: (ಕುಸಿದು ಕೂತು) ಅಂದ್ರ ನನ್ನ ಸಾಫ್ಟ್‌ವೇರ್…

ಗುಮಾಸ್ತ: ಒಂದು ಸೇರು ಅಕ್ಕಿಯೊಳಗ ಮುಗೀತ್ರಿ.

(ಇದು ಶಂಕ್ರಪ್ಪನವರ ಬಡಾಯಿಯಲ್ಲ. ಆ ತಿಂಗಳು ದೇಶದ ಎಷ್ಟೋ ಗಿರಣಿಗಳು ಇದೇ ಲೆಕ್ಕ ಹಾಕಿದವು. ಅಂಗಡಿಗಳಲ್ಲಿ 26 ಕಿಲೋ, 30 ಕಿಲೋ ಚೀಲ ಕಾಣಿಸಿಕೊಂಡದ್ದು ಹೀಗೆ. ಒಂದು ಉದ್ಯಮದ ತಂತ್ರಜ್ಞಾನ ನೀತಿಯನ್ನು ಹಮಾಲನ ಕೈಯಲ್ಲಿರುವ ಮೊಗೆ ಬದಲಿಸಿದ್ದನ್ನು ಯಾವ ಎಂಬಿಎ ಪುಸ್ತಕದಲ್ಲೂ ನಾನಂತೂ ಓದಿಲ್ಲ.)

ವಿನಯ: ಆದ್ರ ಆನ್‌ಲೈನ್ ಮಂದಿ 26 ಕಿಲೋ ತಗೊಳ್ಳಂಗಿಲ್ಲ ಕಾಕಾ. ಅಪಾರ್ಟ್‌ಮೆಂಟಿನವ್ರಿಗೆ 5 ಕಿಲೋ ಪಾಕೀಟು ಬೇಕು.

ಸಾಹುಕಾರ: ಹಂಗಾರ 5 ಪರ್ಸೆಂಟು ಟ್ಯಾಕ್ಸು, ಆನ್‌ಲೈನಿನವ್ರ ಕಮಿಷನ್ನು, ಚಂದನ ಪಾಕೀಟು, ಕೊರಿಯರ್. ಮೊನ್ನೆ ಕೊರಿಯರಿನವ ಕೇಳಿದ ರೊಕ್ಕದಾಗ ಇನ್ನೊಂದು ಪಾಕೀಟು ಅಕ್ಕಿ ಬರ್ತಿತ್ತು.

ವಿನಯ: ಜಗತ್ತೆಲ್ಲಾ ಮಾರಾಕ ಹತ್ತೇತಿ ಅಪ್ಪಾಜಿ. ನಮ್ಮ ಕಿನ್ನಾಳ ಗೊಂಬಿ ಆನ್‌ಲೈನ್‌ನ್ಯಾಗ ಹೋಗ್ತಾವ. ಯಲಬುರ್ಗಾ ಕಡೆ ಭಾನಾಪುರದಾಗ 400 ಎಕರೆದಾಗ ಗೊಂಬಿ ಕಾರ್ಖಾನಿಗಳು ಬಂದ್ವು.

ಸಾಹುಕಾರ: ಕಿನ್ನಾಳ ಗೊಂಬಿ ಕೈಯಾಗ ಹಿಡಿಯೂವಂಥಾದ್ದು, ಬೆಲಿ ಮಾತ್ರ ಸಾವಿರದ ಲೆಕ್ಕದಾಗ. ಅಂಚೆಯಾಗ ಹಾಕಿದ್ರೂ ಗಿಟ್ಟತೈತಿ. ಅಕ್ಕಿ ತೂಕ ಹೆಚ್ಚು, ಲಾಭ ಕಮ್ಮಿ. ಅದು ಲಾರಿಯಾಗ ಹೋಗಬೇಕು, ಯಶವಂತಪುರದಾಗ ಇಳೀಬೇಕು, ಅಲ್ಲಿಂದ ಅಂಗಡಿಗೆ. ಅಲ್ಲಿಯ ವ್ಯಾಪಾರಸ್ಥರು ನನಗ ವಾಟ್ಸಾಪ್‌ನ್ಯಾಗ ‘200 ಹಳೇದು’ ಅಂತ ಒಂದು ಸಾಲು ಹಾಕ್ತಾರ. ನಾ ಹೆಬ್ಬೆಟ್ಟು ಒತ್ತಿ ಕಳಿಸ್ತೀನಿ. ಅದಕ್ಕಿಂತ ದೊಡ್ಡ ಇ-ಬಿಸಿನೆಸ್ ಯಾವುದೋ?

ವಿನಯ: ಆ ಹೆಬ್ಬೆಟ್ಟು ಯಾವ ಆರ್ಡರಿಗೆ, ಹೋತೋ ಇಲ್ಲೋ, ರೊಕ್ಕ ಬಂತೋ ಇಲ್ಲೋ, ಬರದವ್ರು ಯಾರು?

(ಸಾಹುಕಾರ ಗುಮಾಸ್ತರ ಕಡೆ ನೋಡುತ್ತಾನೆ. ಗುಮಾಸ್ತರು ತಮ್ಮ ತಲೆಯನ್ನು ಬೆರಳಿನಿಂದ ತಟ್ಟಿ ತೋರಿಸುತ್ತಾರೆ.)

ವಿನಯ: ಹಂಗಾರ ಆ ತಲಿಗೆ ಬ್ಯಾಕಪ್ ಐತೇನ್ರಿ? ಕಾಕಾ ಹ್ವಾದ ತಿಂಗಳು ಗವಿಮಠಕ್ಕ ಅಂತ ಕೊಪ್ಪಳಕ್ಕ ಹೋದಾಗ ಎರಡು ದಿನ ಗಿರಣಿಯಾಗ ಯಾವ ಚೀಲ ಎಲ್ಲೈತಿ ಅಂತ ಯಾರಿಗೂ ಗೊತ್ತಾಗ್ಲಿಲ್ಲ.

ಸಾಹುಕಾರ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಅದು ಮಾತ್ರ ಖರೆ.

ವಿನಯ: ಅದಕ್ಕ ಉಳಿದ ಹದಿನೇಳು ಸ್ಲೈಡ್ ಬಿಡ್ತೀನಿ. ಒಂದ ಮಾಡೂಣು. ಯಾವ ನಿಟ್ಟಿನಾಗ ಯಾವ ಹಂಗಾಮಿನ ಅಕ್ಕಿ, ಅಷ್ಟ ಕಂಪ್ಯೂಟರಿಗೆ ಹಾಕೂಣು. ಕಾಕಾ, ನೀವು ಹೇಳ್ರಿ, ನಾ ಬರೀತೀನಿ. ಮೊದಲನೇದು?

ಗುಮಾಸ್ತ: ಬಾಗಲ ಬಲಕ್ಕಿಂದು, ಇಲಿ ಕಡದ ತಾಡಪತ್ರಿ ಮುಚ್ಚಿದ್ದು.

ವಿನಯ: ಇಲಿ ಬ್ಯಾಡ್ರಿ ಕಾಕಾ, ತಾರೀಖು ಬೇಕು.

ಗುಮಾಸ್ತ: ತಾರೀಖು ಹೆಂಗ ಹೇಳ್ಲಿ? ಡ್ಯಾಮಿನ 19ನೇ ಗೇಟು ಕಿತ್ತೋದ ವರ್ಷದ ಬೆಳಿ ಅದು.

ವಿನಯ: (ಬರೆಯುತ್ತ) ತುಂಗಭದ್ರಾ, 2024ರ ಆಗಸ್ಟ್ 10. ಅಂದ್ರ ಮುಂಗಾರು 2024. ಸಿಕ್ತು ನೋಡ್ರಿ! ಎರಡನೇದು?

ಗುಮಾಸ್ತ: ಹಿಂದಿನ ಗೋಡಿ ಕಡೆದು. ನಮ್ಮ ಮೊಮ್ಮಗಂದು ತೊಟ್ಟಿಲಕ್ಕ ಹಾಕಿದ ವಾರ ಬಂದಿದ್ದು.

ವಿನಯ: ಮೊಮ್ಮಗ ಈಗ ಏನು ಮಾಡ್ತಾನ?

ಗುಮಾಸ್ತ: ಅಂಬೆಗಾಲು ಇಡ್ತಾನ.

ವಿನಯ: ಹಂಗಾರ ಹೊಸಾದು. ಇದನ್ನ ಆನ್‌ಲೈನಿಗೆ ಹಾಕಿದ್ದ ನಾ.

(ಹೀಗೆ ಏಳು ನಿಟ್ಟು ಮುಗಿಯುವಷ್ಟರಲ್ಲಿ ಎರಡು ಸಲ ಚಹಾ ಬಂತು, ಒಂದು ಸಲ ಕರೆಂಟು ಹೋಯಿತು. ಬರೆದದ್ದನ್ನು ಸಾಹುಕಾರ ಕಣ್ಣು ಕಿರಿದು ಮಾಡಿ ನೋಡಿ, ತಪ್ಪು ಹುಡುಕಲು ಹೋಗಿ, ಸಿಗದೆ, ಮತ್ತೆ ಆ ಒಂದು ಚುಕ್ಕಿಯ ಫೋಟೋಕ್ಕೇ ಬಂದ.)

ಸಾಹುಕಾರ: ಇದನ್ನ ಬರದವ್ರು ಯಾರಂತ ಗೊತ್ತೇನು?

ವಿನಯ: ಹೆಸರು ತೋರಸಂಗಿಲ್ರಿ. ಪಿನ್‌ಕೋಡ್ ಅಷ್ಟ ಐತಿ. ಕುಷ್ಟಗಿ.

ಗುಮಾಸ್ತ: ಆ ಫೋಟೋ ದೊಡ್ಡದು ಮಾಡ್ರಿ. ಅನ್ನ ಬ್ಯಾಡ, ತಾಟು. ತಾಟಿನ ಅಂಚಿಗೆ ಏನೋ ಕೆತ್ತೇತಿ ನೋಡ್ರಿ.

ವಿನಯ: (ಓದುತ್ತ) ‘ಮದುವೆ ಉಡುಗೊರೆ… ಬಸಪ್ಪ…’ ಅಪ್ಪಾಜಿ! ಇದು ಅಕ್ಕನ ಲಗ್ನದಾಗ ನಾವ ಕೊಟ್ಟ ಸ್ಟೀಲ್ ತಾಟು!

ಸಾಹುಕಾರ: ಅಯ್ಯೋ ಶಿವನೇ! ಬೀಗತಿ ನಮ್ಮ ಅಕ್ಕಿ ರೊಕ್ಕ ಕೊಟ್ಟು ತರಿಸ್ಯಾರ! ಯಾಕಂತ ಕೇಳು ನಿಮ್ಮಕ್ಕಗ.

ವಿನಯ: (ಫೋನಿನಲ್ಲಿ ಮಾತಾಡಿ, ಮೆಲ್ಲಗೆ) ‘ಲಗ್ನದಾಗ ಒಮ್ಮೆ ಅಕ್ಕಿ ಕಳಿಸಿದವ್ರು ಮತ್ತ ಕಳಿಸ್ಲಿಲ್ಲ, ಬಾಯಿ ಬಿಟ್ಟು ಕೇಳೂದು ಹೆಂಗ’ ಅಂದ್ರಂತ.

ಸಾಹುಕಾರ: ಶಂಕ್ರಪ್ಪ, ಗೇಟು ಕಿತ್ತ ವರ್ಷದ್ದು ಒಂದು ಚೀಲ ಜೀಪಿಗೆ ಹಾಕ್ಸ್ರಿ. ನಾನ ಹೊಕ್ಕೀನಿ ಕುಷ್ಟಗಿಗೆ.

ವಿನಯ: ಕಂಪ್ಯೂಟರಿನಾಗ ಏನಂತ ಹಾಕ್ಲಿ ಅಪ್ಪಾಜಿ? ರಿಟರ್ನ್ ಅಂತನೋ, ಸ್ಯಾಂಪಲ್ ಅಂತನೋ?

ಗುಮಾಸ್ತ: ಕಿರ್ದಿಯಾಗ ‘ಬೀಗರು’ ಅಂತ ಖಾತೆ ಐತ್ರಿ. ನಿಮ್ಮದರಾಗ ಆ ಕಾಲಂ ಮಾಡ್ಕೋರಿ. ಲೇ ಹುಡುಗಾ, ಜೀಪಿಗೆ ಒಂದು 26 ಕಿಲೋ ಚೀಲ!

ಸಾಹುಕಾರ: ಬೀಗರ ಮುಂದ 26 ಕಿಲೋ ಇಳಸ್ಲೇನ್ರಿ? ಎರಡು ಹಾಕ್ಸ್ರಿ!