ಹಳದಿಯೊಂದೇ ಸಾಕ್ಷಿಯಲ್ಲ

ಗುಡ್ಡದ ಓರೆಯಲ್ಲಿ ಹಳದಿ ಹೂ ಕಂಡೊಡನೆ ಮೂವರಿರುವ ಗುಂಪಿನಲ್ಲಿ ನಾಲ್ಕು ಹೆಸರು ಹುಟ್ಟುತ್ತವೆ. ಒಬ್ಬರಿಗೆ ಅದು ತಗಚೆ, ಇನ್ನೊಬ್ಬರಿಗೆ ಶಾಲೆಯ ಕಾಂಪೌಂಡಿನ ಟೆಕೋಮ. ಮೂರನೆಯವರು ಮೊಬೈಲು ಹಿಡಿದು ಎರಡು ಲ್ಯಾಟಿನ್ ಹೆಸರು ಓದುತ್ತಾರೆ, ಎರಡನ್ನೂ ತಪ್ಪುತಪ್ಪಾಗಿ. ಅಷ್ಟರಲ್ಲಿ ಕುರಿ ಹೊಡಕೊಂಡು ಬಂದ ಅಜ್ಜ, "ಅದರಾಗ ನೋಡೂದೇನೈತ್ರಿ? ತಂಗಡಿ. ಕುರಿ ಬಾಯಿ ಹಾಕಂಗಿಲ್ಲ" ಎಂದು ನಿಲ್ಲದೆ ಮುಂದಕ್ಕೆ ಹೋಗುತ್ತಾನೆ.

ಅಜ್ಜನ ಸಸ್ಯಶಾಸ್ತ್ರ ಕುರಿಯ ಬಾಯಿಂದ ಶುರುವಾಗುತ್ತದೆ. ಮೇದು ಬೋಳಾದ ಗುಡ್ಡದಲ್ಲೂ ತಂಗಡಿ, ಅಂದರೆ ಆವರಿಕೆ, ಉಳಿದಿರುವುದು ಕುರಿಗಳ ಈ ಅರುಚಿಯ ಪುಣ್ಯದಿಂದ.

ಹಾನಗಲ್ಲಿನ ಭತ್ತದ ಗದ್ದೆಗಳಲ್ಲಿ ಇದನ್ನು ಹುಡುಕುವುದು ದಂಡ. ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಕಡೆ ಕಲ್ಲುಗುಡ್ಡವೋ ಹಾಳುಬಿದ್ದ ಹಕ್ಕಲವೋ ಇದ್ದರೆ ಅಲ್ಲಿ ಕಣ್ಣು ಹಾಯಿಸಬೇಕು. ಕಂಡ ಮೇಲೆ ಹೂವನ್ನು ನಂಬಬಾರದು. ಹಳದಿ ಹೂವೇ ಗುರುತಾದರೆ ನೆಗ್ಗಿಲೂ ತಂಗಡಿಯೇ ಆಗಬೇಕಿತ್ತು. ಪುಣ್ಯಕ್ಕೆ ಅದು ನೆಲ ಹಿಡಿದು ಹರಡುತ್ತದೆ, ತನ್ನ ಗುರುತನ್ನು ಚಪ್ಪಲಿಯೊಳಗೇ ಚುಚ್ಚಿ ಹೇಳುತ್ತದೆ. ಅಮೆರಿಕದಿಂದ ಬಂದ ಟೆಕೋಮದ ಎಸಳುಗಳು ಒಂದಕ್ಕೊಂದು ಕೂಡಿ ಕೊಳವೆಯಾಗಿರುತ್ತವೆ. ತಂಗಡಿಯ ಐದೂ ಎಸಳು ಬಿಡಿಬಿಡಿ. ತಗಚೆಯ ಎಲೆಯಲ್ಲಿ ಸಾಮಾನ್ಯವಾಗಿ ಮೂರೇ ಜೋಡಿ ಕಿರುಎಲೆ, ಕಾಯಿ ಸಪೂರ. ತಂಗಡಿಗೆ ಎಂಟು, ಹತ್ತು, ಹನ್ನೆರಡು ಜೋಡಿ ಕಿರುಎಲೆಗಳು. ಕಾಯಿ ಚಪ್ಪಟೆ, ತೆಳು, ಒಣಗಿದರೆ ಕಂದು.

ಇಷ್ಟಾದರೂ ಅನುಮಾನ ಉಳಿದರೆ ಕಿವಿ ಹಿಡಿಯಬೇಕು. ಎಲೆತೊಟ್ಟಿನ ಬುಡದಲ್ಲಿ ಕಿವಿಯಾಕಾರದ ಎರಡು ಅಗಲ ಎಲೆಗಳಿರುತ್ತವೆ. ಲಿನೇಯಸ್ 1753ರಲ್ಲಿ ಇದನ್ನು 'ಕ್ಯಾಸಿಯಾ ಆರಿಕ್ಯುಲೇಟ' ಎಂದು ಕರೆದದ್ದು ಇವುಗಳಿಂದಲೇ. ಹಾನಗಲ್ಲು, ಹಿರೇಕೆರೂರುಗಳು 1956ರಲ್ಲಿ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ, 1997ರಲ್ಲಿ ಧಾರವಾಡ ಬಿಟ್ಟು ಹಾವೇರಿಗೆ ವಿಳಾಸ ಬದಲಿಸಿದ ಹಾಗೆ ಈ ಗಿಡವೂ ಕ್ಯಾಸಿಯಾ ಬಿಟ್ಟು ಸೆನ್ನಾ ಸೇರಿತು. ಕಿವಿ ಮಾತ್ರ ಇದ್ದಲ್ಲೇ ಇದೆ.

ಹೂವಿನಲ್ಲಿ ಮಕರಂದವಿಲ್ಲ, ಪರಾಗವಷ್ಟೆ. ಅದೂ ಕೇಸರದ ತುದಿಯ ಸಣ್ಣ ಕಿಂಡಿಯಿಂದ ಉದುರಬೇಕು. ಬಡಗಿ ದುಂಬಿ ಹೂವನ್ನು ತಬ್ಬಿ ಮೈ ನಡುಗಿಸಿ ಗುಂಯ್‌ಗುಟ್ಟಿ ಅದನ್ನು ಉದುರಿಸಿಕೊಳ್ಳುತ್ತದೆ. ಬಾಕಿ ವಸೂಲಿಗೆ ಬಂದವರಿಗೂ ಇಷ್ಟು ತಾಳ್ಮೆ ಇರುವುದಿಲ್ಲ. ಮನುಷ್ಯ ತೊಗಟೆಗೆ ಕೈಹಾಕಿದ: ಅದರ ಒಗರಿನಿಂದ ತೊಗಲು ಹದವಾಗುತ್ತಿತ್ತು.

ಸವಣೂರಿಗೆ ಬಂದವರು ದೊಡ್ಡಹುಣಸೆ ಮಠದ ಹೆಸರಾಂತ ಮರಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅವು ಆಫ್ರಿಕಾ ಮೂಲದ ಬಾವೊಬಾಬ್. ಹುಣಸೆಗೂ ಅವಕ್ಕೂ ನೆಂಟಸ್ತನವಿಲ್ಲ. ಹುಣಸೆಯ ಕುಟುಂಬಕ್ಕೆ ನಿಜವಾಗಿ ಸೇರಿದ ತಂಗಡಿ ಊರಾಚೆ ಯಾರ ಫೋಟೋಕ್ಕೂ ಸಿಗದೆ ನಿಂತಿರುತ್ತದೆ. ತೆಲಂಗಾಣದವರು ಬತುಕಮ್ಮ ಹಬ್ಬದಲ್ಲಿ ಇದನ್ನೇ ಪೇರಿಸಿ ಹಾಡುತ್ತಾರೆ, ರಾಜ್ಯದ ಹೂವೆಂದೂ ಘೋಷಿಸಿಕೊಂಡಿದ್ದಾರೆ. ಅವರ ಜಾಣತನ ಮೆಚ್ಚಬೇಕು.

ಮುಂದೆ ಆ ಕಡೆ ಹೋದಾಗ ಗುಡ್ಡದ ಮೇಲೆ ಹಳದಿ ಕಂಡರೆ ಎಲೆಯ ಬುಡ ನೋಡಿ. ಹಿರೇಕೆರೂರು ಬಸ್ಸಿನ ಕಿಟಕಿಯಿಂದ ಕಿವಿ ಕಾಣುವುದಿಲ್ಲ, ಇಳಿಯಲೇಬೇಕು.