ಅರಿಶಿನದ ಪರದೆ

ಪಟ್ಟನಾಯಕನಹಳ್ಳಿಯ ನಮ್ಮ ಮನೆಗೆ ಪರದೆ ಬಂದದ್ದು ನಾನು ರಿಟೈರಾದ ಮೇಲೆ. ಅಲ್ಲಿಯವರೆಗೆ ಬಾಗಿಲು ತೆರೆದಿದ್ದರೆ ತೆರೆದಿತ್ತು, ಮುಚ್ಚಿದ್ದರೆ ಮುಚ್ಚಿತ್ತು. ಬೆಂಗಳೂರಿನ ಮಗಳು ಬಂದವಳೇ, “ಅಪ್ಪಾ, ನೀವು ಎಷ್ಟು ಮುದ್ದೆ ಉಂಡ್ರಿ ಅಂತ ರಸ್ತೇಲಿ ಹೋಗೋರೆಲ್ಲ ಎಣಿಸ್ತಾರೆ” ಎಂದು ಶಿರಾಕ್ಕೆ ಹೋಗಿ ಹತ್ತು ಮೀಟರ್ ಬಿಳೀ ಕಾಟನ್ ತಂದಳು. ಸಾದಾ ಬಟ್ಟೆಯಾದರೆ ನಮಗೆ ಬೇಕಾದಂತೆ ಮಾಡಿಕೊಳ್ಳಬಹುದಂತೆ. ಮಾಡಿಕೊಳ್ಳುವುದನ್ನು ನಮಗೇ ಬಿಟ್ಟು ಭಾನುವಾರದ ಬಸ್ಸು ಹತ್ತಿದಳು.

ನನಗೆ ಮೊದಲಿಂದಲೂ ಸೀನರಿಯ ಹುಚ್ಚು. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆಯನ್ನೇ ರಂಗಕ್ಕೆ ತಂದ ಗುಬ್ಬಿ ವೀರಣ್ಣನವರ ಜಿಲ್ಲೆಯವರು ನಾವು. ನಮ್ಮೂರ ಕುರುಕ್ಷೇತ್ರದಲ್ಲಿ ನಾನೂ ಒಮ್ಮೆ ಎರಡನೇ ದ್ವಾರಪಾಲಕನಾಗಿ ರಾತ್ರಿಯಿಡೀ ಅರಮನೆ ಸೀನಿನ ಮುಂದೆ ತೂಕಡಿಸಿದವನು. ಹಾಲ್‌ಗೆ ಅರಮನೆ, ಅಡುಗೆಮನೆಗೆ ಕಾಡು ಬರೆಸೋಣ ಎಂದೆ. “ಅಡುಗೆಮನೆಗೆ ಕಾಡು ಯಾಕೆ?” ಎಂದಳು ಹೆಂಡತಿ. ಆ ಪ್ರಶ್ನೆಗೆ ಗಂಡನಾದವನು ಉತ್ತರ ಕೊಡಬಾರದು. ಸೀನರಿ ಅಲ್ಲಿಗೇ ಸುರುಳಿ ಸುತ್ತಿಕೊಂಡಿತು.

ಅವಳದು ಅರಿಶಿನದ ಯೋಜನೆ. ಬಟ್ಟೆಯನ್ನು ಪಟಿಕದ ನೀರಲ್ಲಿ ನೆನೆಸಿ, ಅರಿಶಿನದ ನೀರಲ್ಲಿ ಕುದಿಸಬೇಕು. ಪಟಿಕ ಬಣ್ಣವನ್ನು ಹಿಡಿದಿಡುತ್ತದೆ. ನಮ್ಮೂರ ಮಠಕ್ಕೆ ಸ್ಫಟಿಕಪುರಿ ಎಂಬ ಹೆಸರು. ನಮ್ಮ ಮನೆಗೆ ಬಂದದ್ದು ಮಾತ್ರ ಕ್ಷೌರದಂಗಡಿಯ ಪಟಿಕ. ಬಚ್ಚಲ ಹಂಡೆ, ಗೋಡೆ, ನನ್ನ ಪಂಚೆ, ಬೆಕ್ಕಿನ ಬಾಲ, ಕೊನೆಗೆ ಪರದೆ, ಈ ಕ್ರಮದಲ್ಲಿ ಎಲ್ಲವೂ ಹಳದಿಯಾದವು. ಜರಿ ಸವೆದ ಮೊಳಕಾಲ್ಮೂರು ಸೀರೆಯ ಅಂಚನ್ನು ಕತ್ತರಿಸಿ ಕೆಳಗೆ ಹೊಲಿದಳು. ನೋಡಿದರೆ ನಿಜಕ್ಕೂ ಚೆನ್ನಾಗಿತ್ತು. ಅವಳಿಗೆ ಹಾಗೆಂದು ಹೇಳಲು ಎರಡು ದಿನ ತೆಗೆದುಕೊಂಡೆ.

ಪರದೆ ಕಟ್ಟಿದ ಮಾರನೆಯ ಬೆಳಿಗ್ಗೆಯೇ ಎದುರುಮನೆಯ ಅಜ್ಜಿ ಪರದೆ ಎತ್ತಿ ಇಣುಕಿದರು. “ಯಾಕಪ್ಪಾ, ಯಾರು ಬಾಣಂತಿ?”

ಅವರ ಲೆಕ್ಕ ಸರಿಯೇ. ಬಾಗಿಲಿಗೆ ಕಂಬಳಿಯೋ ಹಳೇ ಸೀರೆಯೋ ಇಳಿಬಿಟ್ಟರೆ ಒಳಗೆ ಬಾಣಂತಿ ಇದ್ದಾಳೆ ಎಂದೇ ಅವರ ಕಾಲದ ಅರ್ಥ. ಮೇಲೆ ಅರಿಶಿನ ಬೇರೆ. ಅರವತ್ತೊಂದರ ನಾನು, ಐವತ್ತೇಳರ ಅವಳು ಮುಖ ಮುಖ ನೋಡಿಕೊಂಡೆವು. ಮಧ್ಯಾಹ್ನದೊಳಗೆ ಸುದ್ದಿ ಬಸ್‌ಸ್ಟ್ಯಾಂಡ್ ಮುಟ್ಟಿತು. ತೆರೆದ ಬಾಗಿಲ ಮುಂದೆ ವರ್ಷಗಟ್ಟಲೆ ತಿರುಗಿಯೂ ನೋಡದೆ ಹೋಗುತ್ತಿದ್ದವರು ಈಗ ಒಬ್ಬೊಬ್ಬರಾಗಿ ಪರದೆ ಸರಿಸಿ, ಕಾಫಿ ಕುಡಿದು, ಮೂಲೆ ಮೂಲೆ ಕಣ್ಣಾಡಿಸಿ ಹೋದರು.

ಸಂಜೆ ನೋಡಿದರೆ ಪರದೆಯ ಅಂಚಿನುದ್ದಕ್ಕೂ ಕೆಂಪು ಕೆಂಪು ಬೆರಳಚ್ಚು! ಹೆಂಡತಿ ರಕ್ತವೆಂದು ಬೆಚ್ಚಿದಳು. ಎಲೆಅಡಿಕೆಯವರ ಕೈ ಸುಣ್ಣ. ಕ್ಷಾರ ಸೋಕಿದರೆ ಅರಿಶಿನ ಕೆಂಪಾಗುತ್ತದೆ; ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದು ಹೀಗೆಯೇ. ಯಾರೂ ಇಣುಕದಿರಲೆಂದು ಕಟ್ಟಿದ ಬಟ್ಟೆ, ಇಣುಕಿದವರ ಹಾಜರಿ ಪುಸ್ತಕವಾಗಿತ್ತು. ಮೊಳಕಾಲೆತ್ತರದ ಅಚ್ಚುಗಳು ಮಕ್ಕಳವಿರಬೇಕೆಂದುಕೊಂಡೆ. ಮಕ್ಕಳು ಎಲೆಅಡಿಕೆ ಹಾಕುವುದಿಲ್ಲವೆಂದು ಹೆಂಡತಿ ನೆನಪಿಸಿದಳು. ಸೊಂಟ ಬಗ್ಗಿದ ಅಜ್ಜಿಯೇ, ಹನ್ನೊಂದು ಸಲ.

ಹೆಂಡತಿ ಒಂದು ಮೂಲೆಗೆ ಸೋಪು ಹಚ್ಚಿ ಉಜ್ಜಿದಳು. ಸೋಪೂ ಕ್ಷಾರವೇ, ಮೂಲೆಗೆ ಮೂಲೆಯೇ ಚೌಡಮ್ಮನ ಗುಡಿಯ ಬಣ್ಣಕ್ಕೆ ತಿರುಗಿತು. ಹುಣಸೆಹುಳಿ ಹಿಂಡಿದ ಮೇಲೆ ಒಂದಿಷ್ಟು ಹಳದಿಗೆ ಮರಳಿತು. ಉಳಿದದ್ದನ್ನು ಮುಟ್ಟಲು ಧೈರ್ಯವಾಗದೆ ಹಾಗೇ ಬಿಟ್ಟೆವು.

ಮುಂದಿನ ತಿಂಗಳು ಬಂದ ಮಗಳು ಬಾಗಿಲಲ್ಲೇ ನಿಂತಳು. “ಅಮ್ಮಾ, ಬ್ಲಾಕ್ ಪ್ರಿಂಟಾ? ಯಾರ ಹತ್ರ ಮಾಡಿಸಿದ್ರಿ? ಕಿಟಕಿದಕ್ಕೂ ಹಾಕಿಸಿ!”

ಹೆಂಡತಿ ಎದುರುಮನೆಯತ್ತ ಕೂಗಿದಳು. ಅಜ್ಜಿ ಸುಣ್ಣದ ಡಬ್ಬಿ ಹಿಡಿದೇ ಬಂದರು.